ಮುಟ್ಟು ಲೆಕ್ಕಕ್ಕೇ ಸಿಗ್ತಿಲ್ಲ, ಇದರಿಂದಲೇ ಮಗು ಆಗ್ತಿಲ್ವಾ?

ನೀಲಿಹಕ್ಕಿ:
ನನ್ನ ವಯಸ್ಸು ಮೂವತ್ತರ ಹತ್ತಿರ. ಮುಟ್ಟು ಯಾವತ್ತೂ ಸರಿಯಾದ ದಿನಕ್ಕೆ ಬಂದಿದ್ದೇ ಇಲ್ಲ. ಒಂದ್ಸಲ ಐದು ವಾರಕ್ಕೆ ಬರುತ್ತೆ, ಮುಂದಿನದು ಎರಡು ತಿಂಗಳು ದಾಟಿದ್ರೂ ಸುಳಿವೇ ಇರಲ್ಲ. ಓದೋ ಕಾಲದಲ್ಲಿ ಇದರ ಬಗ್ಗೆ ಮನೇಲಿ ಯಾರೂ ತಲೆ ಕೆಡಿಸ್ಕೊಂಡಿರ್ಲಿಲ್ಲ, ನಾನೂ ಅಷ್ಟೇ. ಈಗ ನಾವಿಬ್ರೂ ಮಗು ಬೇಕು ಅಂತ ಪ್ರಯತ್ನ ಶುರು ಮಾಡಿ ಹಲವು ತಿಂಗಳಾಯ್ತು. ಫೋನಿನ ಆ್ಯಪ್ ತೋರಿಸೋ ದಿನಗಳನ್ನ ತಪ್ಪದೇ ಪಾಲಿಸ್ತಿದೀವಿ. ಡೇಟ್ ಮುಂದೆ ಹೋದಾಗಲೆಲ್ಲ ಆಸೆ ಹುಟ್ಟುತ್ತೆ. ಟೆಸ್ಟ್ ಮಾಡಿದ್ರೆ ಒಂದೇ ಗೆರೆ. ಆಮೇಲೆ ಯಾವಾಗಲೋ ಮುಟ್ಟು ಬರುತ್ತೆ. ಇದು ನನ್ನನ್ನ ಹಿಂಡಿ ಹಾಕ್ತಿದೆ.

ಕೇಳಬೇಕಿರೋದು ಇಷ್ಟು. ಮುಟ್ಟು ಹೀಗೆ ಏರುಪೇರಾಗಿದ್ರೆ ಗರ್ಭ ನಿಲ್ಲೋದೇ ಇಲ್ವಾ? ವರ್ಷ ತುಂಬೋವರೆಗೂ ಕಾಯಬೇಕಾ, ಈಗಲೇ ಡಾಕ್ಟರ ಹತ್ರ ಹೋಗಬೇಕಾ? ಹೋದ್ರೆ ಏನೇನು ಟೆಸ್ಟ್ ಬರೀತಾರೆ? ನಮ್ಮವರು "ಆಗುತ್ತೆ ಬಿಡು" ಅಂತಾರೆ. ನಂಗೆ ನಿದ್ದೆ ಬರಲ್ಲ.

ತುಂತುರು:
ಟೆನ್ಷನ್ ಮಾಡ್ಕೋಬೇಡಿ ಅಕ್ಕ. ಟೆನ್ಷನ್ನಿಂದಾನೇ ಮುಟ್ಟು ಹಿಂದೆಮುಂದೆ ಆಗೋದು. ನಾಲ್ಕು ದಿನ ಎಲ್ಲ ಮರೆತು ಎಲ್ಲಾದ್ರೂ ಹೋಗಿ ಬನ್ನಿ, ತಾನಾಗೇ ಆಗುತ್ತೆ.

ಎರಡನೇಸಾಲು:
ತುಂತುರು, ನೀವು ಒಳ್ಳೇ ಮನಸ್ಸಿಂದ ಹೇಳಿದ್ದು ಗೊತ್ತು. ಆದ್ರೆ ಈ ಮಾತು ಕೇಳಿಸ್ಕೊಂಡು ವರ್ಷಗಟ್ಟಲೆ ಕಳೆದವರು ಇದಾರೆ. ಅವರಿಗೆ ಥೈರಾಯ್ಡ್ ಇತ್ತು, ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗ್ತಿತ್ತು. ಮುಟ್ಟು ಶುರುವಾದಾಗಿಂದ ಹೀಗೇ ಅನ್ನೋರಿಗೆ ಟೆನ್ಷನ್ ಬಿಡು ಅಂದ್ರೆ, ತಪ್ಪು ನಿನ್ನದೇ ಅಂದ ಹಾಗೆ ಕೇಳಿಸುತ್ತೆ. ನೀಲಿಹಕ್ಕಿ, ಕಾಯಬೇಡಿ. ಹೋಗಿ ತೋರಿಸಿ.

ಓದುಗುಬ್ಬಿ:
ಆದ್ರೆ ಒಂದು ವರ್ಷ ಪ್ರಯತ್ನ ಪಟ್ಟು ಆಗದಿದ್ರೆ ಮಾತ್ರ ಬಂಜೆತನ ಅಂತಾರಲ್ವಾ? ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯೂ 12 ತಿಂಗಳು ಅಂತಾನೇ ಇದೆ. ಅದಕ್ಕೆ ಮೊದಲೇ ಆಸ್ಪತ್ರೆಗೆ ಹೋದ್ರೆ ಸುಮ್ನೆ ಟೆಸ್ಟು, ಸ್ಕ್ಯಾನು ಅಂತ ಸುತ್ತಿಸ್ತಾರೆ.

ಸೂಜಿಮಲ್ಲಿಗೆ:
ನಾನು ಸ್ತ್ರೀರೋಗ ವಿಭಾಗದಲ್ಲಿ ಕೆಲಸ ಮಾಡುವವಳು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಓದುಗುಬ್ಬಿ ಹೇಳಿದ 12 ತಿಂಗಳ ಲೆಕ್ಕ, ಮುಟ್ಟು ಕ್ರಮವಾಗಿ ಬರುವ, 35 ದಾಟದ ಹೆಣ್ಣುಮಕ್ಕಳಿಗೆ. 35 ದಾಟಿದ್ರೆ 6 ತಿಂಗಳು. ಮುಟ್ಟೇ ಏರುಪೇರು ಅಂದ್ರೆ ಯಾವ ಗಡುವೂ ಬೇಡ, ಮಗು ಬೇಕು ಅಂತ ತೀರ್ಮಾನ ಮಾಡಿದ ದಿನವೇ ತೋರಿಸಬಹುದು. ಯಾಕಂದ್ರೆ ವರ್ಷಕ್ಕೆ ಹನ್ನೆರಡೋ ಹದಿಮೂರೋ ಸಲ ಅಂಡಾಣು ಬಿಡುಗಡೆ ಆಗುವವಳಿಗೂ, ನಾಲ್ಕೈದು ಸಲ ಮಾತ್ರ ಆಗುವವಳಿಗೂ ಸಿಗುವ ಅವಕಾಶ ಒಂದೇ ಅಲ್ಲ. ವರ್ಷ ಒಂದೇ ಆದರೂ ಅವಕಾಶ ಮೂರನೇ ಒಂದು ಪಾಲು.

ಹಾಗಾಗಿ "ಗರ್ಭ ನಿಲ್ಲೋದೇ ಇಲ್ವಾ" ಅನ್ನೋದಕ್ಕೆ ನನ್ನ ಉತ್ತರ: ನಿಲ್ಲುತ್ತೆ. ಬಹುತೇಕರಲ್ಲಿ ಅಂಡಾಣು ಇಲ್ಲ ಅಂತಲ್ಲ, ಅಪರೂಪಕ್ಕೆ ಬರ್ತಿದೆ, ಯಾವಾಗ ಬರುತ್ತೆ ಅಂತ ಗೊತ್ತಾಗ್ತಿಲ್ಲ, ಅಷ್ಟೇ. ಯಾಕೆ ಅಪರೂಪ ಅಂತ ಹುಡುಕೋದೇ ಮೊದಲ ಕೆಲಸ.

ಇನ್ನು ಆ್ಯಪ್ ವಿಷಯ. ದೊಡ್ಡವರಲ್ಲಿ 21ರಿಂದ 35 ದಿನದೊಳಗೆ ಬರುವ ಮುಟ್ಟನ್ನ ಕ್ರಮಬದ್ಧ ಅಂತಾರೆ. 14ನೇ ದಿನ ಅಂಡಾಣು ಬರುತ್ತೆ ಅನ್ನೋದು 28 ದಿನದ ಚಕ್ರದವರ ಮಾತು. ನಿಜವಾದ ಲೆಕ್ಕ ಹಿಂದಿನಿಂದ ಬರಬೇಕು: ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 35 ದಿನಕ್ಕೆ ಮುಟ್ಟಾದರೆ 21ರ ಆಸುಪಾಸು, 50 ದಿನಕ್ಕೆ ಆದರೆ 36ರ ಆಸುಪಾಸು. ಮುಂದಿನ ಮುಟ್ಟು ಯಾವಾಗ ಅಂತ ನಿಮಗೇ ಗೊತ್ತಿಲ್ಲದಿರುವಾಗ ಆ್ಯಪ್ಪಿಗೆ ಹೇಗೆ ಗೊತ್ತಾಗಬೇಕು? ಅದು ಹಳೇ ತಿಂಗಳುಗಳ ಸರಾಸರಿ ತೆಗೆದು ಊಹೆ ಮಾಡುತ್ತೆ. ನೀವು ಅದು ತೋರಿಸಿದ ದಿನಗಳಿಗೇ ಕಟ್ಟುಬಿದ್ದರೆ ನಿಜವಾದ ದಿನಗಳು ಕೈತಪ್ಪಿ ಹೋಗಬಹುದು.

ಅಂಡಾಣು ಬದುಕೋದು 12ರಿಂದ 24 ಗಂಟೆ. ವೀರ್ಯಾಣು ಗರ್ಭಕೋಶ, ನಾಳಗಳಲ್ಲಿ 5 ದಿನದವರೆಗೂ ಕಾಯಬಲ್ಲದು. ಅದಕ್ಕೇ ದಿನ ಹುಡುಕೋದು ಬಿಟ್ಟು, ಎರಡು ಮೂರು ದಿನಕ್ಕೊಮ್ಮೆ ಸೇರಿದರೆ ಸಾಕು. ಅಂಡಾಣು ಯಾವಾಗ ಬಂದರೂ ಸಿಗುತ್ತೆ.

ಹೊಂಗಿರಣ:
ನಂದೂ ಇದೇ ಕಥೆ. ಪಿಸಿಒಎಸ್ ಅಂದ್ರು, ಅಂದ್ರೆ ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬೆಳೆಯದ ತೊಂದರೆ. ಆ ಪದ ಕೇಳಿದ ದಿನ, ಇನ್ನು ಮಕ್ಕಳೇ ಆಗಲ್ಲ ಅಂತ ಅತ್ತಿದ್ದೆ. ಈಗ ನಂಗೆ ಇಬ್ರು. ದೊಡ್ಡೋಳಿಗೆ ಮಾತ್ರೆ ತಗೊಂಡೆ. ಚಿಕ್ಕೋನು ಯಾವ ಚಿಕಿತ್ಸೆಯೂ ಇಲ್ಲದೆ ಬಂದ. ಡೇಟ್ ಮುಂದೆ ಹೋಗೋದು ರೂಢಿ ಅಂತ ನಾನು ಟೆಸ್ಟೂ ಮಾಡಿರ್ಲಿಲ್ಲ, ವಾಂತಿ ಶುರುವಾದಾಗಲೇ ಗೊತ್ತಾಗಿದ್ದು.

ಪಿಸಿಒಎಸ್ ಇದೆ ಅಂದ್ರೆ ಮಕ್ಕಳಾಗಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಕಡಲಮುತ್ತು:
ನಮ್ಮ ಡಾಕ್ಟ್ರು ಮೊದ್ಲು ಆರು ತಿಂಗಳು ಮಾತ್ರೆ ಕೊಟ್ಟು ಮುಟ್ಟು ಸರಿ ಮಾಡಿದ್ರು. ನೀಲಿಹಕ್ಕಿ ನೀವೂ ಮೊದ್ಲು ಮುಟ್ಟು ರೆಗ್ಯುಲರ್ ಮಾಡ್ಕೊಳ್ಳಿ, ಆಮೇಲೆ ಮಗು ಯೋಚ್ನೆ.

ಸೂಜಿಮಲ್ಲಿಗೆ:
ಕಡಲಮುತ್ತು, ಇದನ್ನ ಬಿಡಿಸಿ ಹೇಳಲೇಬೇಕು. ಮುಟ್ಟು ಸರಿ ಮಾಡಲು ಸಾಮಾನ್ಯವಾಗಿ ಕೊಡುವ ಮಾತ್ರೆ ಗರ್ಭನಿರೋಧಕ ಮಾತ್ರೆಯೇ. ಅದನ್ನ ತಗೊಳ್ಳುವಾಗ ಅಂಡಾಣು ಬಿಡುಗಡೆ ಆಗೋದಿಲ್ಲ. ತಿಂಗಳಿಗೊಮ್ಮೆ ಕಾಣುವ ರಕ್ತಸ್ರಾವ ಮಾತ್ರೆ ನಿಲ್ಲಿಸಿದ್ದಕ್ಕೆ ಬರುವಂಥದ್ದು. ಮುಖದ ಕೂದಲು, ಮೊಡವೆ, ಗರ್ಭಕೋಶದ ಒಳಪದರದ ರಕ್ಷಣೆಗೆ ಆ ಮಾತ್ರೆ ಒಳ್ಳೆಯದೇ. ಮಗು ಈಗಲೇ ಬೇಕು ಅನ್ನುವವರಿಗೆ ಮಾತ್ರ ಅದು ದಾರಿಯಲ್ಲ. ಹಾಗೇ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನು ಮಾತ್ರೆ ಕೆಲವು ದಿನ ಕೊಟ್ಟು ಮುಟ್ಟು ತರಿಸ್ತಾರಲ್ಲ, ಅದರಿಂದಲೂ ಅಂಡಾಣು ಬಂತು ಅಂತ ಅರ್ಥ ಅಲ್ಲ.

ಹಾಗಂತ ತಿಂಗಳುಗಟ್ಟಲೆ ಮುಟ್ಟಾಗದೆ ಬಿಡಲೂಬಾರದು. 90 ದಿನ ದಾಟಿದರೆ ತೋರಿಸಲೇಬೇಕು. ಒಳಪದರ ಉದುರದೆ ದಪ್ಪವಾಗುತ್ತಾ ಹೋದರೆ ಮುಂದೆ ತೊಂದರೆ. ಮುಟ್ಟು ತರಿಸುವ ಮಾತ್ರೆ ತಗೊಳ್ಳೋಕೆ ಮೊದಲು ಗರ್ಭಿಣಿ ಅಲ್ಲ ಅಂತ ಖಚಿತ ಮಾಡ್ಕೊಳ್ಳಿ, ಮನೆಯಲ್ಲಿ ಉಳಿದಿದ್ದ ಮಾತ್ರೆ ನೀವೇ ನುಂಗಬೇಡಿ.

ಕಡಲಮುತ್ತು:
ಓ, ನಂಗೆ ಇದನ್ನ ಯಾರೂ ಬಿಡಿಸಿ ಹೇಳಿರ್ಲಿಲ್ಲ. ಥ್ಯಾಂಕ್ಸ್ ಮೇಡಂ.

ದಿನಚರಿ:
ಅಂಡಾಣು ಬರೋ ದಿನ ತೋರಿಸೋ ಓವ್ಯುಲೇಶನ್ ಸ್ಟ್ರಿಪ್ ತಗೊಂಡು ಮನೇಲೇ ನೋಡ್ಕೋಬಹುದಲ್ಲ? ನಂಗೆ ಅದರಿಂದಾನೇ ಆಗಿದ್ದು. ಎರಡು ಗೆರೆ ಗಾಢವಾದ ದಿನದಿಂದ ಒಂದೂವರೆ ದಿನದೊಳಗೆ ಎಗ್ ರಿಲೀಸ್.

ಹೊಂಗಿರಣ:
ದಿನಚರಿ, ಪಿಸಿಒಎಸ್ ಇರೋರಿಗೆ ಆ ಸ್ಟ್ರಿಪ್ ದಾರಿ ತಪ್ಪಿಸುತ್ತೆ. ಅದು ನೋಡೋದು ಎಗ್ ಬಿಡುಗಡೆ ಮಾಡಿಸೋ ಎಲ್‌ಎಚ್ ಹಾರ್ಮೋನು. ನಮ್ಮಲ್ಲಿ ಹಲವರಿಗೆ ಅದು ಯಾವಾಗಲೂ ಮೇಲೇ ಇರುತ್ತೆ. ನಂಗೆ ವಾರಗಟ್ಟಲೆ "ಪಾಸಿಟಿವ್" ತೋರಿಸ್ತಿತ್ತು, ಎಗ್ ಮಾತ್ರ ಇಲ್ಲ.

ದಿನಚರಿ:
ಹಾಗಾದ್ರೆ ಏನು ನೋಡೋದು? ಕಣ್ಣು ಮುಚ್ಕೊಂಡು ಕೂರೋಕಾಗುತ್ತಾ?

ಎರಡನೇಸಾಲು:
ಬಿಳಿ ಸ್ರಾವ ಗಮನಿಸಿ. ಅಂಡಾಣು ಬರೋ ದಿನಗಳ ಹತ್ತಿರ ಅದು ತೆಳ್ಳಗೆ, ಪಾರದರ್ಶಕವಾಗಿ, ಬೆರಳಲ್ಲಿ ಹಿಡಿದ್ರೆ ಎಳೆ ಬರೋ ಹಾಗೆ ಇರುತ್ತೆ. ಬೆಳಿಗ್ಗೆ ಎದ್ದ ತಕ್ಷಣ ಮೈಬಿಸಿ ಅಳೆಯೋದೂ ಒಂದು ಕ್ರಮ. ಅಂಡಾಣು ಬಂದ ಮೇಲೆ ಸುಮಾರು 0.3 ಡಿಗ್ರಿ ಸೆಲ್ಸಿಯಸ್ ಏರಿ ಅಲ್ಲೇ ನಿಲ್ಲುತ್ತೆ. ಆದ್ರೆ ಅದು ಆದ ಮೇಲೆ ತಿಳಿಯೋದು, ಮುಂಚೆ ಹೇಳಲ್ಲ. ಆ ತಿಂಗಳು ಎಗ್ ಬಂತೋ ಇಲ್ವೋ ಅನ್ನೋ ದಾಖಲೆಗೆ ಒಳ್ಳೇದು. ನಿಖರವಾಗಿ ಬೇಕು ಅಂದ್ರೆ ಅಂಡಾಣು ಬೆಳೆಯೋದನ್ನ ನೋಡೋ ಫಾಲಿಕ್ಯುಲರ್ ಸ್ಟಡಿ ಸ್ಕ್ಯಾನೇ ಸರಿ.

ಗಾಳಿಪಟ:
ಇಷ್ಟು ಉತ್ತರ ಓದಿದೆ, ಗಂಡನ ಪರೀಕ್ಷೆ ಬಗ್ಗೆ ಒಬ್ಬರೂ ಬರೆದಿಲ್ಲ. ನಾನು ಗಂಡಸು, ಹೇಳಲೇಬೇಕು ಅನ್ನಿಸ್ತು. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತೆ. ಮುಟ್ಟು ಏರುಪೇರು ಅಂತ ಒಂದು ಕಾರಣ ಕಣ್ಣಿಗೆ ಬಿದ್ದ ಕೂಡಲೇ ಎಲ್ಲರೂ ಹೆಂಡತಿ ಕಡೆಗೇ ತಿರುಗ್ತಾರೆ. ನಮ್ಮನೇಲಿ ಅದೇ ಆಯ್ತು. ಅವಳಿಗೆ ಸೂಜಿ, ಸ್ಕ್ಯಾನ್, ಮಾತ್ರೆ. ನನ್ನ ವೀರ್ಯ ಪರೀಕ್ಷೆ ಮಾಡಿಸಿದಾಗ ಎಣಿಕೆ ತೀರಾ ಕಡಿಮೆ ಬಂತು. ಜಿಮ್ಮಿನಲ್ಲಿ ಯಾರೋ ಕೊಟ್ಟ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕಾರಣ. ಹೊರಗಿನಿಂದ ಆ ಹಾರ್ಮೋನು ಹೋದ್ರೆ ವೃಷಣ ತನ್ನ ಕೆಲಸ ನಿಲ್ಲಿಸುತ್ತೆ ಅಂತ ಆಗ ತಿಳಿಯಿತು. ನಿಲ್ಲಿಸಿದ ಮೇಲೆ ನಿಧಾನವಾಗಿ ಸರಿಹೋಯ್ತು.

ನೀಲಿಹಕ್ಕಿ:
ಗಾಳಿಪಟ ಅವರೇ, ಇದನ್ನ ನಮ್ಮವರಿಗೆ ಓದಿ ಹೇಳಿದೆ. "ನಂಗೇನಾಗಿದೆ, ನಾನು ಗಟ್ಟಿಮುಟ್ಟಾಗಿದೀನಿ" ಅಂದ್ರು. ಹೇಗೆ ಒಪ್ಪಿಸೋದು?

ಗಾಳಿಪಟ:
ಗಟ್ಟಿಮುಟ್ಟು ಇರೋದಕ್ಕೂ ವೀರ್ಯಾಣು ಎಣಿಕೆಗೂ ಸಂಬಂಧ ಇಲ್ಲ ತಂಗಿ. ಅವರಿಗೆ ಹೀಗೆ ಹೇಳಿ ನೋಡಿ: ಈ ಎಲ್ಲ ಪರೀಕ್ಷೆಗಳಲ್ಲಿ ನೋವಿಲ್ಲದ್ದು, ಬೇಗ ಮುಗಿಯೋದು ಇದೊಂದೇ. ಎರಡರಿಂದ ಏಳು ದಿನ ಸಂಯಮ ಇಟ್ಕೊಂಡು ಸ್ಯಾಂಪಲ್ ಕೊಟ್ರೆ ಆಯ್ತು. ಮನೆಯಲ್ಲೇ ತೆಗೆದು ಮೈಬಿಸಿಯಲ್ಲಿಟ್ಟು ಒಂದು ಗಂಟೆಯೊಳಗೆ ಕೊಡೋದಕ್ಕೂ ಹಲವು ಲ್ಯಾಬ್‌ಗಳು ಒಪ್ತಾವೆ. ರಿಪೋರ್ಟ್ ಚೆನ್ನಾಗಿ ಬಂದ್ರೆ ನಿಮ್ಮ ಚಿಕಿತ್ಸೆ ಸಲೀಸು. ಬರದಿದ್ರೆ, ಸುಮ್ಮನೆ ನೀವು ಮಾತ್ರೆ ನುಂಗೋದು ತಪ್ಪುತ್ತೆ. ಮೊದಲ ರಿಪೋರ್ಟ್ ಕೆಟ್ಟದಾಗಿದೆ ಅಂತ ಕುಸಿಯೋದೂ ಬೇಡ, ಮತ್ತೊಮ್ಮೆ ಮಾಡಿಸ್ತಾರೆ. ಹೊಸ ವೀರ್ಯಾಣು ತಯಾರಾಗೋಕೆ ಹತ್ತಿರ ಹತ್ತಿರ ಮೂರು ತಿಂಗಳು ಬೇಕು. ಆ ಅವಧಿಯಲ್ಲಿ ಜೋರು ಜ್ವರ ಬಂದಿದ್ರೂ ಎಣಿಕೆ ಇಳಿದಿರುತ್ತೆ.

ಅವರ ಮನಸ್ಸಲ್ಲಿ ಇರೋದು ಭಯ. ನನಗೂ ಇತ್ತು. ಜೊತೆಗೆ ಕೂತು ಡಾಕ್ಟರ್ ಹೇಳಿದ್ರೆ ಒಪ್ತಾರೆ. ಮೊದಲ ಸಲವೇ ಇಬ್ರೂ ಹೋಗಿ.

ತುಂತುರು:
ಇದು ಒಳ್ಳೇ ಮಾತು ಅಣ್ಣ.

ಓಟದಹುಡುಗಿ:
ಎಲ್ರೂ ಪಿಸಿಒಎಸ್ ಅಂತಾನೇ ಮಾತಾಡ್ತಿದೀರಿ. ನಂಗೆ ಮುಟ್ಟು ನಿಂತಿದ್ದು ಓಟದಿಂದ. ದೂರದ ಓಟಕ್ಕೆ ತಯಾರಿ, ಊಟ ಕಡಿಮೆ, ತೂಕ ಇಳೀತು, ಮುಟ್ಟು ಮಾಯ. ಸ್ಕ್ಯಾನಲ್ಲಿ ಸಣ್ಣ ಸಣ್ಣ ಕೋಶ ಕಂಡ್ವು ಅಂತ ಪಿಸಿಒಎಸ್ ಹಣೆಪಟ್ಟಿ ಹಚ್ಚಿ, ಇನ್ನೂ ತೂಕ ಇಳಿಸು ಅಂದ್ರು! ಬೇರೆ ಡಾಕ್ಟರು ರಕ್ತಪರೀಕ್ಷೆ ನೋಡಿ, ಮೆದುಳಿನಿಂದಲೇ ಸಂಕೇತ ಹೋಗ್ತಿಲ್ಲ, ದೇಹಕ್ಕೆ ಶಕ್ತಿ ಸಾಲ್ತಿಲ್ಲ ಅಂದ್ರು. ಓಟ ತಗ್ಗಿಸಿ ಹೊಟ್ಟೆ ತುಂಬ ಉಂಡ ಮೇಲೆ ಮುಟ್ಟು ವಾಪಸ್ ಬಂತು.

ಓದುಗುಬ್ಬಿ:
ಸ್ಕ್ಯಾನಲ್ಲಿ ಕೋಶ ಕಂಡ್ರೆ ಪಿಸಿಒಎಸ್ ಅಲ್ವಾ? ನನ್ನ ತಂಗಿ ರಿಪೋರ್ಟಲ್ಲಿ ಹಾಗೇ ಬರೆದಿದೆ, ಆದ್ರೆ ಅವಳಿಗೆ ಮುಟ್ಟು ಸರಿಯಾಗಿ ಬರುತ್ತೆ.

ಸೂಜಿಮಲ್ಲಿಗೆ:
ಅಲ್ಲ. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಸೇರಿ ಗೊತ್ತುಮಾಡಿದ ಮಾನದಂಡವನ್ನೇ ಇವತ್ತಿಗೂ ಬಳಸ್ತಾರೆ. ಮುಟ್ಟು ಅಥವಾ ಅಂಡಾಣು ಬಿಡುಗಡೆ ಏರುಪೇರು, ಗಂಡು ಹಾರ್ಮೋನು ಹೆಚ್ಚಿರುವ ಲಕ್ಷಣ ಅಥವಾ ರಕ್ತಪರೀಕ್ಷೆಯಲ್ಲಿ ಅದು ಹೆಚ್ಚಿರೋದು, ಸ್ಕ್ಯಾನಿನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ಕೋಶ ಕಾಣೋದು. ಈ ಮೂರರಲ್ಲಿ ಎರಡಾದರೂ ಇರಬೇಕು, ಜೊತೆಗೆ ಥೈರಾಯ್ಡ್, ಎದೆಹಾಲು ತರಿಸೋ ಹಾರ್ಮೋನಾದ ಪ್ರೊಲ್ಯಾಕ್ಟಿನ್‌ನಂಥ ಬೇರೆ ಕಾರಣ ಇಲ್ಲ ಅಂತ ನೋಡಬೇಕು. ಬರೀ ಸ್ಕ್ಯಾನ್ ನೋಡಿ ಹೇಳೋ ಹಾಗಿಲ್ಲ. ಎಳೆ ವಯಸ್ಸಿನ ಆರೋಗ್ಯವಂತ ಹುಡುಗಿಯರಲ್ಲೂ ಅಂಡಾಶಯ ಹಾಗೆ ಕಾಣೋದು ಸಾಮಾನ್ಯ. ಅವು ರೋಗದ ಗೆಡ್ಡೆಗಳಲ್ಲ, ಬೆಳೆಯದೇ ನಿಂತ ಅಂಡಾಣು ಚೀಲಗಳು.

ನೀಲಿಹಕ್ಕಿ, ನೀವು ಕೇಳಿದ ಟೆಸ್ಟು: ಥೈರಾಯ್ಡ್ ನೋಡುವ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಟೆಸ್ಟೋಸ್ಟೆರಾನ್, ಮುಟ್ಟಿನ 2ರಿಂದ 5ನೇ ದಿನದೊಳಗೆ ಅಂಡಾಣು ಬೆಳೆಸುವ ಹಾರ್ಮೋನಾದ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್, ಸಕ್ಕರೆ ಪರೀಕ್ಷೆ, ಒಂದು ಸ್ಕ್ಯಾನ್. ಗರ್ಭನಾಳ ತೆರೆದಿದೆಯಾ ಅಂತ ನೋಡುವ ಎಕ್ಸ್‌ರೇ ಸಾಮಾನ್ಯವಾಗಿ ಆಮೇಲೆ. ಅಂಡಾಣು ಬಂತಾ ಅಂತ ನೋಡುವ ಪ್ರೊಜೆಸ್ಟರಾನ್ ಪರೀಕ್ಷೆಯನ್ನ ಯಾರಾದರೂ 21ನೇ ದಿನ ಮಾಡಿಸಿ ಅಂದರೆ, ನಿಮ್ಮ ಚಕ್ರ ಉದ್ದ ಅಂತ ಅವರಿಗೆ ನೆನಪಿಸಿ. ಆ ಪರೀಕ್ಷೆ ಮುಂದಿನ ಮುಟ್ಟಿಗೆ ಒಂದು ವಾರ ಇರುವಾಗ ಆಗಬೇಕು. ನಿಮಗೆ 21ನೇ ದಿನ ಮಾಡಿದರೆ ಕಡಿಮೆ ಬಂದು, ಇಲ್ಲದ ಗಾಬರಿ. ಮತ್ತೆ ಇವತ್ತಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಶುರು ಮಾಡಿ. ಮಗುವಿನ ಮೆದುಳು, ಬೆನ್ನುಹುರಿಯ ನಾಳ ಮುಚ್ಚಿಕೊಳ್ಳೋದು ಗರ್ಭಿಣಿ ಅಂತ ಎಷ್ಟೋ ಜನರಿಗೆ ಗೊತ್ತಾಗೋ ಮೊದಲೇ. ಸಕ್ಕರೆ ಕಾಯಿಲೆ, ಫಿಟ್ಸ್ ಮಾತ್ರೆ ಇರುವವರಿಗೆ ಹೆಚ್ಚು ಬೇಕಾಗುತ್ತೆ, ಅದನ್ನ ಕೇಳಿ ತಗೊಳ್ಳಿ.

ಮುಂಜಾವು:
ಪ್ರೊಲ್ಯಾಕ್ಟಿನ್ ಅಂದಿದ್ದು ನೋಡಿ ಬರೀತಿದೀನಿ. ನಂಗೆ ಅದೇ ಹೆಚ್ಚಿತ್ತು. ಎದೆಯಿಂದ ಹಾಲಿನ ಹಾಗೆ ಒಂದೆರಡು ಹನಿ ಬರ್ತಿತ್ತು, ನಾಚಿಕೆಗೆ ಯಾರಿಗೂ ಹೇಳಿರ್ಲಿಲ್ಲ. ಮೆದುಳಿನ ಬುಡದಲ್ಲಿರೋ ಪಿಟ್ಯೂಟರಿ ಗ್ರಂಥಿಯಲ್ಲಿ ಸಣ್ಣ ಗಂಟು, ಕ್ಯಾನ್ಸರ್ ಅಲ್ಲ. ಕ್ಯಾಬರ್ಗೋಲಿನ್ ಮಾತ್ರೆ ಶುರು ಮಾಡಿದ ಮೇಲೆ ಮುಟ್ಟು ಬಂತು, ಮಗುವೂ ಆಯ್ತು. ಅಂಥ ಲಕ್ಷಣ ಇದ್ರೆ ಡಾಕ್ಟರಿಗೆ ಮುಚ್ಚಿಡಬೇಡಿ. ವಾಂತಿಗೆ ಕೊಡೋ ಡೊಂಪೆರಿಡೋನ್, ಕೆಲವು ಮಾನಸಿಕ ಚಿಕಿತ್ಸೆಯ ಮಾತ್ರೆಗಳೂ ಅದನ್ನ ಏರಿಸ್ತಾವಂತೆ. ತಗೊಳ್ತಿರೋ ಮಾತ್ರೆಗಳ ಪಟ್ಟಿ ತೋರಿಸಿ, ಆದ್ರೆ ನೀವಾಗೇ ಯಾವುದನ್ನೂ ನಿಲ್ಲಿಸಬೇಡಿ.

ಮಂದಾರ:
ನನ್ನ ಸಿಟ್ಟು ಬೇರೆ. ಯಾವ ಡಾಕ್ಟರ ಹತ್ರ ಹೋದ್ರೂ ಮೊದಲ ಮಾತು "ತೂಕ ಇಳಿಸ್ಕೊಂಡು ಬಾ". ಒಂದು ರಕ್ತಪರೀಕ್ಷೆಯೂ ಬರೆಯದೆ ವಾಪಸ್ ಕಳಿಸಿದವರಿದ್ದಾರೆ.

ದಿನಚರಿ:
ಆದ್ರೆ ತೂಕ ಇಳಿಸಿದ್ರೆ ಮುಟ್ಟು ಸರಿ ಹೋಗೋದು ನಿಜ ಅಲ್ವಾ ಮಂದಾರ? ಡಾಕ್ಟರು ಹೇಳೋದ್ರಲ್ಲಿ ತಪ್ಪೇನು?

ಮಂದಾರ:
ನಿಜ ಅಲ್ಲ ಅಂದಿಲ್ಲ. ತೂಕ ಹೆಚ್ಚಿರೋರು 5ರಿಂದ 10 ಶೇಕಡಾ ಇಳಿಸಿದ್ರೂ ಕೆಲವರಿಗೆ ಅಂಡಾಣು ಶುರುವಾಗುತ್ತೆ ಅಂತ ನಾನೂ ಓದಿದೀನಿ. 80 ಕೆಜಿ ಇದ್ರೆ ನಾಲ್ಕರಿಂದ ಎಂಟು ಕೆಜಿ. ಅಷ್ಟು ಅಂತ ಹೇಳಿದ್ರೆ ಧೈರ್ಯ ಬರುತ್ತೆ. "ಮೊದಲು ಸಣ್ಣಗಾಗು" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ್ರೆ ಮತ್ತೆ ಆ ಬಾಗಿಲು ತುಳಿಯೋಕೆ ಮನಸ್ಸಾಗಲ್ಲ. ಪಿಸಿಒಎಸ್‌ನಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ತೂಕ ಇಳಿಸೋದೇ ಕಷ್ಟ. ತೆಳ್ಳಗಿದ್ದೂ ಪಿಸಿಒಎಸ್ ಇರೋರು ಏನು ಇಳಿಸಬೇಕು?

ಎರಡನೇಸಾಲು:
ಮಂದಾರ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ತೂಕದ ಮಾತು ಪರೀಕ್ಷೆಯ ಜೊತೆಗೆ ಬರಬೇಕು, ಪರೀಕ್ಷೆಯ ಬದಲಿಗೆ ಅಲ್ಲ.

ನೀಲಿಹಕ್ಕಿ:
ಇವತ್ತು ಇಬ್ರೂ ಹೋಗಿದ್ವಿ. ಪಿಸಿಒಎಸ್ ಇರಬಹುದು ಅಂದ್ರು, ಥೈರಾಯ್ಡ್ ಸರಿ ಇದೆ. ಇವರ ರಿಪೋರ್ಟೂ ಚೆನ್ನಾಗಿದೆ. ಲೆಟ್ರೊಜೋಲ್ ಅಂತ ಮಾತ್ರೆ ಬರೆದಿದಾರೆ. ಮನೆಗೆ ಬಂದು ಅದರೊಳಗಿನ ಚೀಟಿ ಓದಿದ್ರೆ ಸ್ತನ ಕ್ಯಾನ್ಸರ್ ಅಂತ ಇದೆ! ಕೈ ನಡುಗ್ತಿದೆ, ನುಂಗ್ಲಾ ಬೇಡ್ವಾ?

ಹೊಂಗಿರಣ:
ನಂಗೂ ಅದೇ ಕೊಟ್ಟಿದ್ದು, ನಾನೂ ಹೀಗೇ ಹೆದರಿದ್ದೆ. ಮೊದಲು ಆ ಕಾಯಿಲೆಗೆ ತಯಾರಿಸಿದ್ದು, ಈಗ ಎಗ್ ಬೆಳೆಸೋಕೂ ಕೊಡ್ತಾರೆ. ಐದು ದಿನ ತಗೊಳ್ಳೋದು ಅಷ್ಟೇ.

ಸೂಜಿಮಲ್ಲಿಗೆ:
ಪಿಸಿಒಎಸ್‌ನಲ್ಲಿ ಅಂಡಾಣು ಬರಿಸೋಕೆ ಈಗ ಮೊದಲು ಆಯ್ಕೆ ಮಾಡೋದು ಇದನ್ನೇ. ಅಮೆರಿಕದಲ್ಲಿ ಪಿಸಿಒಎಸ್ ಇದ್ದ 750 ಹೆಣ್ಣುಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದು ಚಕ್ರದವರೆಗೆ ಲೆಟ್ರೊಜೋಲ್ ತಗೊಂಡವರಲ್ಲಿ 27.5 ಶೇಕಡಾ ಜನರಿಗೆ ಮಗು ಹುಟ್ಟಿತು. ಹಳೆಯ ಮಾತ್ರೆ ಕ್ಲೊಮಿಫಿನ್ ತಗೊಂಡವರಲ್ಲಿ 19.1. ಈಸ್ಟ್ರೊಜೆನ್ ಸ್ವಲ್ಪ ದಿನ ತಗ್ಗಿದಾಗ ಮೆದುಳು ಎಫ್‌ಎಸ್‌ಎಚ್ ಹೆಚ್ಚು ಕಳಿಸುತ್ತೆ, ಅದರಿಂದ ಅಂಡಾಣು ಬೆಳೆಯುತ್ತೆ. ಗರ್ಭ ಕಟ್ಟೋ ಹೊತ್ತಿಗೆ ಮಾತ್ರೆ ಬಹುಪಾಲು ದೇಹದಿಂದ ಹೋಗಿರುತ್ತೆ. ಶುರು ಮಾಡೋ ಮೊದಲು ಗರ್ಭಿಣಿ ಅಲ್ಲ ಅಂತ ಖಚಿತ ಆಗಿರಬೇಕು, ಅಷ್ಟು ಮುಖ್ಯ. ಅವಳಿ ಆಗೋ ಸಾಧ್ಯತೆ ಸ್ವಲ್ಪ ಇದೆ, ಅದಕ್ಕೇ ಸ್ಕ್ಯಾನಿಗೆ ಕರೀತಾರೆ, ತಪ್ಪಿಸಬೇಡಿ. ಮೊದಲ ತಿಂಗಳೇ ಆಗದಿದ್ರೆ ಕುಗ್ಗಬೇಡಿ. ಏನೂ ತೊಂದರೆ ಇಲ್ಲದ ಜೋಡಿಗೂ ಒಂದು ತಿಂಗಳಲ್ಲಿ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು, ಐದರಲ್ಲಿ ಒಂದು, ಅಷ್ಟೇ.

ಮುಂದೆ ಟೆಸ್ಟ್ ಪಾಸಿಟಿವ್ ಬಂದು, ಒಂದೇ ಪಕ್ಕ ಹೊಟ್ಟೆನೋವು, ರಕ್ತ, ತಲೆಸುತ್ತು ಕಾಣಿಸಿದರೆ ತಡ ಮಾಡದೆ ಆಸ್ಪತ್ರೆಗೆ ಓಡಿ. ನಾಳದಲ್ಲಿ ಗರ್ಭ ಕಟ್ಟಿರಬಹುದು.

ನೀಲಿಹಕ್ಕಿ:
ತುಂಬ ಧನ್ಯವಾದ ಮೇಡಂ. ಎಎಂಎಚ್ ಅಂತ ಒಂದು ಹೆಚ್ಚು ಬಂದಿದೆ, ಅದೇನು?

ಎರಡನೇಸಾಲು:
ಅಂಡಾಣುಗಳ ದಾಸ್ತಾನು ಎಷ್ಟಿದೆ ಅನ್ನೋ ಸೂಚನೆ. ಪಿಸಿಒಎಸ್‌ನಲ್ಲಿ ಹೆಚ್ಚಿರೋದೇ ರೂಢಿ. ಕಡಿಮೆ ಬಂದೋರು ಗಾಬರಿ ಆಗ್ತಾರೆ, ಆದ್ರೆ ಸಹಜವಾಗಿ ಗರ್ಭ ನಿಲ್ಲುತ್ತಾ ಅಂತ ಆ ಸಂಖ್ಯೆ ಹೇಳಲ್ಲ.

ಹಸಿರುಎಲೆ:
ಅಕ್ಕಂದಿರೇ, ಮಾತ್ರೆ ಯಾಕೆ? ಮೂರೇ ತಿಂಗಳಲ್ಲಿ ಪಿಸಿಒಎಸ್ ಬೇರುಸಹಿತ ಕಿತ್ತುಹಾಕೋ ಪುಡಿ ನನ್ನ ಹತ್ರ ಇದೆ. ಮೆಸೇಜ್ ಮಾಡಿ.

ಮಂದಾರ:
ಬೇರುಸಹಿತ ಕೀಳೋಕೆ ಆಗೋದಾದ್ರೆ ಆಸ್ಪತ್ರೆಯಲ್ಲೇ ಕೊಡ್ತಿದ್ರು. ಇದು ಹತೋಟಿಯಲ್ಲಿ ಇಟ್ಕೊಳ್ಳೋ ಕಾಯಿಲೆ. ಏನಿದೆ ಅಂತ ಗೊತ್ತಿಲ್ಲದ ಪುಡೀನ ಗರ್ಭ ಬಯಸ್ತಿರೋರಿಗೆ ಮಾರಬೇಡಿ ದಯವಿಟ್ಟು.

ಓದುಗುಬ್ಬಿ:
ಸರಿಯಾಗಿ ಹೇಳಿದ್ರಿ ಮಂದಾರ. ವಿಷಯ ಸ್ವಲ್ಪ ಬೇರೆ, ಆದ್ರೂ ಕೇಳ್ತೀನಿ. ತಂಗಿಗೆ ಕೂದಲು ಉದುರುತ್ತೆ ಅಂತ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ತಗೊಳ್ತಾಳೆ. ಥೈರಾಯ್ಡ್ ರಿಪೋರ್ಟ್ ಏನೇನೋ ಬಂದಿದೆ. ಅದಕ್ಕೂ ಇದಕ್ಕೂ ಸಂಬಂಧ ಇರುತ್ತಾ?

ಸೂಜಿಮಲ್ಲಿಗೆ:
ಇರುತ್ತೆ. ಹಲವು ಲ್ಯಾಬ್ ಯಂತ್ರಗಳು ಪರೀಕ್ಷೆಗೆ ಬಯೋಟಿನ್ನನ್ನೇ ಬಳಸ್ತಾವೆ. ಕೂದಲಿನ ಮಾತ್ರೆಗಳಲ್ಲಿ ಅದು 5,000ದಿಂದ 10,000 ಮೈಕ್ರೋಗ್ರಾಂವರೆಗೂ ಇರುತ್ತೆ, ದೇಹಕ್ಕೆ ದಿನಕ್ಕೆ ಬೇಕಾಗೋದು ಸುಮಾರು 30. ಅಷ್ಟು ರಕ್ತದಲ್ಲಿದ್ರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಥೈರಾಯ್ಡ್ ಹಾರ್ಮೋನಾದ ಟಿ4 ಸುಳ್ಳಾಗಿ ಹೆಚ್ಚು ಬರಬಹುದು. ಕನಿಷ್ಠ ಎರಡು ದಿನ ಆ ಮಾತ್ರೆ ನಿಲ್ಲಿಸಿ, ಲ್ಯಾಬಿನವರಿಗೂ ತಿಳಿಸಿ ಮತ್ತೆ ಮಾಡಿಸಲಿ. ಅಲ್ಲಿವರೆಗೆ ಥೈರಾಯ್ಡ್ ಮಾತ್ರೆ ಶುರು ಮಾಡೋದು ಬೇಡ ಅನ್ನಿ.